ಮುಂಗಾರಿನ ಬರವು: ಇಂದ್ರಿಯಗಳು ಓದುವ ಪಂಚಾಂಗ

ಮಳೆಯನ್ನೇ ನಂಬಿದ ಕೃಷಿಕನಿಗೆ ವರ್ಷದಲ್ಲಿ ಎದುರಾಗುವ ನಿರ್ಧಾರಗಳಲ್ಲಿ ಬಿತ್ತನೆಯ ದಿನವನ್ನು ಗೊತ್ತುಮಾಡುವುದಕ್ಕಿಂತ ಕಠಿಣವಾದುದು ಬೇರೊಂದಿಲ್ಲ. ಆತುರಪಟ್ಟು ಬಿತ್ತಿದರೆ ಬೀಜವು ಮೊಳೆತು ಒಣಮಣ್ಣಿನಲ್ಲಿ ಸಾಯುತ್ತದೆ. ಕಾದು ಕುಳಿತರೆ ಕಾಳು ಕಟ್ಟುವ ಹೊತ್ತಿಗೆ ನೆಲದ ತೇವ ತೀರಿಹೋಗಿರುತ್ತದೆ. ಈ ನಿರ್ಧಾರಕ್ಕೆ ನಮ್ಮ ಗ್ರಾಮಸಮಾಜವು ಎರಡು ಆಧಾರಗಳನ್ನು ಇಟ್ಟುಕೊಂಡಿತ್ತು. ಒಂದು, ಪಂಚಾಂಗದ ಮಳೆನಕ್ಷತ್ರ. ಇನ್ನೊಂದು, ಕಣ್ಣು ಕಿವಿ ಮೂಗು ಚರ್ಮಗಳಿಗೆ ತಾಗುವ ಲಕ್ಷಣಗಳು. ಜಾನಪದ ಸಂಗ್ರಹಗಳಲ್ಲಿ ಇವೆರಡೂ ‘ಮಳೆಯ ನಂಬಿಕೆಗಳು’ ಎಂಬ ಒಂದೇ ತಲೆಬರಹದ ಕೆಳಗೆ ಸೇರಿಹೋಗಿರುವುದರಿಂದ, ಅವುಗಳ ನಡುವಣ ವ್ಯತ್ಯಾಸವೂ ಲಕ್ಷಣ ಲಕ್ಷಣಗಳ ನಡುವಣ ವ್ಯತ್ಯಾಸವೂ ಮಸುಕಾಗಿವೆ. ಮಣ್ಣಿನ ವಾಸನೆ, ಕಪ್ಪೆಯ ಕೂಗು, ಗಾಳಿಯ ತಿರುವು, ಉಪ್ಪಿನ ಪಸೆ ಇವೆಲ್ಲವೂ ‘ಮಳೆ ಬರುತ್ತದೆ’ ಎಂಬ ಒಂದೇ ಮಾತನ್ನು ಹೇಳುವುದಿಲ್ಲ. ಒಂದು ಗಾಳಿಯ ತೇವದ ವರದಿ, ಇನ್ನೊಂದು ನೆಲದ ಮೇಲ್ಪದರದ ವರದಿ, ಮತ್ತೊಂದು ನೆಲದ ಆಳದ ವರದಿ. ಯಾವ ಲಕ್ಷಣವು ಯಾವುದರ ಸಾಕ್ಷಿ ಎಂಬುದನ್ನು ಬಿಡಿಸಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ನಕ್ಷತ್ರದ ವಿಚಾರ. ನಮ್ಮ ಹಬ್ಬಗಳ ಬಹುಭಾಗ ಚಾಂದ್ರಮಾನವನ್ನು ಅನುಸರಿಸುತ್ತದೆ. ಕಾರ ಹುಣ್ಣಿಮೆಯಾಗಲಿ ಮಣ್ಣೆತ್ತಿನ ಅಮಾವಾಸ್ಯೆಯಾಗಲಿ ಒಂದು ವರ್ಷಕ್ಕೂ ಮತ್ತೊಂದು ವರ್ಷಕ್ಕೂ ಹತ್ತಾರು ದಿನ ಹಿಂದೆ ಮುಂದೆ ಸರಿಯುತ್ತವೆ. ಆದರೆ ಮಳೆಯ ಎಣಿಕೆಗೆ ರೈತನು ತಿಥಿಯನ್ನು ಆಶ್ರಯಿಸಲಿಲ್ಲ. ಸೂರ್ಯನು ನಕ್ಷತ್ರದಿಂದ ನಕ್ಷತ್ರಕ್ಕೆ ಸಾಗುವುದನ್ನು ಆಶ್ರಯಿಸಿದನು. ಸೂರ್ಯನು 27 ನಕ್ಷತ್ರಗಳಲ್ಲಿ ಒಂದೊಂದರಲ್ಲಿ 13ರಿಂದ 14 ದಿನ ಇರುತ್ತಾನೆ. ಏಪ್ರಿಲ್ ನಡುವಿನಲ್ಲಿ ಅಶ್ವಿನಿ, ತಿಂಗಳ ಕೊನೆಗೆ ಭರಣಿ, ಮೇ 11ರ ಸುಮಾರಿಗೆ ಕೃತ್ತಿಕೆ, 25ರ ಸುಮಾರಿಗೆ ರೋಹಿಣಿ, ಜೂನ್ 8ರ ಸುಮಾರಿಗೆ ಮೃಗಶಿರ, 22ರ ಸುಮಾರಿಗೆ ಆರಿದ್ರೆ. ಈ ದಿನಾಂಕಗಳು ವರ್ಷದಿಂದ ವರ್ಷಕ್ಕೆ ಒಂದು ದಿನಕ್ಕಿಂತ ಹೆಚ್ಚು ಅಲುಗುವುದಿಲ್ಲ. ಮಾರುತವು ಸೂರ್ಯನ ಗತಿಗೆ ಕಟ್ಟುಬಿದ್ದ ವಿದ್ಯಮಾನವಾದ್ದರಿಂದ ಅದನ್ನು ಅಳೆಯಲು ಸೌರಮಾನವೇ ತಕ್ಕ ಅಳತೆಗೋಲು. ಅಕ್ಷರ ತಿಳಿಯದ ಒಕ್ಕಲುಮಗನೂ ಹಬ್ಬಕ್ಕೆ ಒಂದು ಪಂಚಾಂಗವನ್ನೂ ಬೇಸಾಯಕ್ಕೆ ಇನ್ನೊಂದು ಪಂಚಾಂಗವನ್ನೂ ಬೇರೆಬೇರೆಯಾಗಿ ಇಟ್ಟುಕೊಂಡಿದ್ದನೆಂಬುದು ಸಾಮಾನ್ಯ ಸಂಗತಿಯಲ್ಲ.

ತುಳುನಾಡಿನ ಪತ್ತನಾಜೆಯೂ ಇದೇ ಬಗೆಯದು. ಬೇಶ ತಿಂಗಳ ಹತ್ತನೆಯ ದಿನ ಯಕ್ಷಗಾನ ಮೇಳಗಳು ತಿರುಗಾಟ ಮುಗಿಸುತ್ತವೆ. ದೇವಸ್ಥಾನದ ಉತ್ಸವಗಳೂ ಭೂತಕೋಲಗಳೂ ನಿಲ್ಲುತ್ತವೆ. ವೃಷಭ ರಾಶಿಯ ಹತ್ತನೆಯ ಅಂಶವೇ ರೋಹಿಣಿ ನಕ್ಷತ್ರದ ಆರಂಭಬಿಂದು. ಬಯಲುಸೀಮೆಯ ರೈತ ರೋಹಿಣಿ ಹುಟ್ಟಿತೆನ್ನುವ ದಿನಕ್ಕೂ ಕರಾವಳಿಯವರು ಗೆಜ್ಜೆ ಬಿಚ್ಚುವ ದಿನಕ್ಕೂ ಹೀಗೆ ಒಂದೇ ಲೆಕ್ಕ ಹೊಂದುತ್ತದೆ. ಬಯಲಿನಲ್ಲಿ ಆಡುವ ಆಟಕ್ಕೆ ಮಳೆ ಅಡ್ಡಿಯಾಗುತ್ತದೆಂಬುದು ಸ್ಪಷ್ಟವಿದೆ. ಚೆಂಡೆ ಮದ್ದಳೆಗಳ ಚರ್ಮವೂ ತೇವಕ್ಕೆ ಸಡಿಲಗೊಂಡು ಶ್ರುತಿ ಕಳೆದುಕೊಳ್ಳುತ್ತದೆ.

ಆದರೆ ಈ ಅಳತೆಗೋಲಿಗೂ ಒಂದು ಸಣ್ಣ ದೋಷವಿದೆ. ನಕ್ಷತ್ರಗಳನ್ನು ಆಧರಿಸಿದ ವರ್ಷವು ಋತುಗಳನ್ನು ಆಧರಿಸಿದ ವರ್ಷಕ್ಕಿಂತ ಸುಮಾರು 20 ನಿಮಿಷ ದೀರ್ಘವಾದುದು. ಈ ಅಂತರ ಸುಮಾರು 72 ವರ್ಷಗಳಿಗೆ ಒಂದು ದಿನವಾಗಿ ಕೂಡಿಕೊಳ್ಳುತ್ತದೆ. ಐದುನೂರು ವರ್ಷಗಳ ಹಿಂದೆ ರೋಹಿಣಿಯು ಋತುಚಕ್ರದಲ್ಲಿ ಇಂದಿಗಿಂತ ಒಂದು ವಾರ ಮೊದಲೇ ಕಾಲಿಡುತ್ತಿತ್ತು. ರೋಹಿಣಿ ಮಳೆ ಬಂದರೆ ಓಣಿಯಲ್ಲೆಲ್ಲ ಜೋಳವಾದೀತು ಎಂಬರ್ಥದ ಗಾದೆ ಬಹು ಪ್ರಸಿದ್ಧವಾದುದು. ಅದು ಆ ಕಾಲಕ್ಕೆ ಹುಟ್ಟಿದ್ದಾದರೆ ಅದರಲ್ಲಿರುವ ‘ರೋಹಿಣಿ’ ನಮ್ಮ ಮೇ ಕೊನೆಯ ರೋಹಿಣಿಯಲ್ಲ, ಮೇ ನಡುವಿನದು. ಗಾದೆಗಳನ್ನು ಹವಾಮಾನ ಇಲಾಖೆಯ ಅಂಕಿಗಳೊಡನೆ ಹೋಲಿಸಿ ‘ಸತ್ಯ’ ‘ಸುಳ್ಳು’ ಎಂದು ತೀರ್ಪು ಕೊಡುವವರು ಈ ಸರಿತವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಅಗತ್ಯ. ಪಂಚಾಂಗವು ನಿಧಾನವಾಗಿ ಜಾರುತ್ತಿದ್ದರೂ ಬೇಸಾಯ ಕೆಡದಿರಲು ಕಾರಣ ಲಕ್ಷಣಗಳು. ನಕ್ಷತ್ರವು ಯಾವಾಗ ಕಾಯಬೇಕೆಂದು ಹೇಳುತ್ತಿತ್ತು. ಕಾದದ್ದು ಬಂದಿತೇ ಇಲ್ಲವೇ ಎಂಬುದನ್ನು ಇಂದ್ರಿಯಗಳು ಹೇಳುತ್ತಿದ್ದವು.

ಲಕ್ಷಣಶಾಸ್ತ್ರಕ್ಕೆ ಗ್ರಂಥಪರಂಪರೆಯೂ ಇದೆ. ಆರನೆಯ ಶತಮಾನದ ವರಾಹಮಿಹಿರನ ‘ಬೃಹತ್ಸಂಹಿತೆ’ಯಲ್ಲಿ ಮೇಘಗಳ ಗರ್ಭಧಾರಣೆಯ ಲಕ್ಷಣಗಳಿಗೆ ಒಂದು ಅಧ್ಯಾಯ, ಸದ್ಯದಲ್ಲೇ ಸುರಿಯಲಿರುವ ಮಳೆಯ ಲಕ್ಷಣಗಳಿಗೆ ಮತ್ತೊಂದು ಅಧ್ಯಾಯ ಮೀಸಲಾಗಿದೆ. ಉಪ್ಪು ಒದ್ದೆಯಾಗುವುದು, ಲೋಹಕ್ಕೆ ಹಸಿಮಾಂಸದಂಥ ವಾಸನೆ ಬರುವುದು, ಇರುವೆಗಳು ಮೊಟ್ಟೆ ಹೊತ್ತು ಸಾಗುವುದು, ಬೆಕ್ಕು ಉಗುರಿನಿಂದ ನೆಲ ಕೆರೆಯುವುದು, ಕಪ್ಪೆಗಳು ಕೂಗುವುದು ಈ ಎರಡನೆಯ ಬಗೆಯವು. ಕನ್ನಡದಲ್ಲಿ ಸುಮಾರು 1300ರ ರಟ್ಟಕವಿಯು ಮಳೆ, ಮಿಂಚು, ಭೂಕಂಪಾದಿ ವಿದ್ಯಮಾನಗಳನ್ನೇ ವಸ್ತುವಾಗಿಸಿಕೊಂಡು ‘ರಟ್ಟಮತ’ವನ್ನು ರಚಿಸಿದನು. ಅದಕ್ಕೂ ಮುಂಚೆ, ಹನ್ನೊಂದನೆಯ ಶತಮಾನದ ‘ಲೋಕೋಪಕಾರ’ದಲ್ಲಿ ಇಮ್ಮಡಿ ಚಾವುಂಡರಾಯನು ಜಲಶೋಧನೆ, ವೃಕ್ಷಾಯುರ್ವೇದ, ಪಾಕ, ಸುಗಂಧಗಳನ್ನು ಒಂದೇ ಗ್ರಂಥದಲ್ಲಿ ಹೆಣೆದಿದ್ದನು. ಇಂಥ ಗ್ರಂಥಗಳಲ್ಲಿ ಶಕುನವೂ ವೀಕ್ಷಣೆಯೂ ಒಂದರೊಳಗೊಂದು ಬೆರೆತಿವೆಯೆಂಬುದು ನಿಜ. ಆದರೆ ವರಾಹಮಿಹಿರನು ತಿಂಗಳುಗಳ ಮುಂಚಿನ ಲಕ್ಷಣವನ್ನೂ ಗಳಿಗೆಗಳ ಮುಂಚಿನ ಲಕ್ಷಣವನ್ನೂ ಬೇರೆ ಅಧ್ಯಾಯಗಳಲ್ಲಿ ಇರಿಸಿದ್ದು ಗಮನಾರ್ಹ. ಆ ವಿಂಗಡಣೆ ನಮ್ಮ ಇತ್ತೀಚಿನ ಸಂಗ್ರಹಗಳಲ್ಲಿ ಕಾಣುವುದಿಲ್ಲ.

ಉಪ್ಪಿನಿಂದಲೇ ಆರಂಭಿಸಬಹುದು. ಅಪ್ಪಟ ಅಡುಗೆ ಉಪ್ಪು, ಎಂದರೆ ಸೋಡಿಯಂ ಕ್ಲೋರೈಡ್, ಗಾಳಿಯ ಸಾಪೇಕ್ಷ ಆರ್ದ್ರತೆಯು ಸುಮಾರು 75 ಪ್ರತಿಶತವನ್ನು ದಾಟಿದಾಗ ನೀರು ಹೀರಿ ಕರಗತೊಡಗುತ್ತದೆ. ಆದರೆ ಕಡಲುಪ್ಪಿನ ಹರಳಿನಲ್ಲಿ ಮೆಗ್ನೀಸಿಯಂ ಕ್ಲೋರೈಡ್ ಕೂಡ ಇರುತ್ತದೆ. ಅದಕ್ಕೆ 33 ಪ್ರತಿಶತ ಆರ್ದ್ರತೆಯೇ ಸಾಕು. ಬಯಲುಸೀಮೆಯ ಬೇಸಗೆಯ ಮಧ್ಯಾಹ್ನಗಳಲ್ಲಿ ಗಾಳಿ ಅದಕ್ಕಿಂತಲೂ ಒಣಗಿರುವುದುಂಟು. ಆಗ ಮಡಕೆಯ ಉಪ್ಪು ಗರಿಗರಿಯಾಗಿರುತ್ತದೆ. ಕಡಲ ಕಡೆಯಿಂದ ತೇವದ ಗಾಳಿ ಒಳನುಗ್ಗಿತೆಂದರೆ ಅದೇ ಉಪ್ಪು ಮೊದಲು ಪಸೆಯಾಡಿ ಆಮೇಲೆ ಬೆವರುತ್ತದೆ. ಮನೆಯೊಳಗಿನ ಹೆಣ್ಣುಮಗಳು ಆಕಾಶವನ್ನು ನೋಡದೆಯೇ ಬೆರಳ ತುದಿಯಿಂದ ಈ ಬದಲಾವಣೆಯನ್ನು ತಿಳಿಯುತ್ತಿದ್ದಳು. ಕರಾವಳಿಯಲ್ಲಿ ಉಪ್ಪು ವರ್ಷದ ಬಹುಭಾಗ ಒದ್ದೆಯಾಗಿಯೇ ಇರುವುದರಿಂದ ಅಲ್ಲಿ ಈ ಲಕ್ಷಣಕ್ಕೆ ಬೆಲೆಯಿಲ್ಲ. ಇದು ಒಣಸೀಮೆಯ ಲಕ್ಷಣ. ಶುದ್ಧೀಕರಿಸಿ, ಗಂಟುಕಟ್ಟದಂತೆ ಬೇರೆ ಪದಾರ್ಥ ಬೆರೆಸಿ ಪೊಟ್ಟಣದಲ್ಲಿ ತುಂಬಿದ ಇಂದಿನ ಪುಡಿಯುಪ್ಪು ಮೊದಲಿನಂತೆ ಬೆವರುವುದಿಲ್ಲ. ಹೀಗೆ ಅಡುಗೆಮನೆಯ ಒಂದು ಆರ್ದ್ರತಾಮಾಪಕ ಯಾರ ಗಮನಕ್ಕೂ ಬಾರದೆ ಇಲ್ಲವಾಯಿತು.

ಉಪ್ಪು ಗಾಳಿಯ ತೇವವನ್ನಷ್ಟೇ ಹೇಳುತ್ತದೆ, ಗಾಳಿಯ ದಿಕ್ಕನ್ನಲ್ಲ. ಮೇ ತಿಂಗಳ ಉಬ್ಬೆ ಎಲ್ಲರಿಗೂ ಪರಿಚಿತ. ಎಲೆ ಅಲುಗುವುದಿಲ್ಲ, ಬೆವರು ಆರುವುದಿಲ್ಲ. ಈ ಉಬ್ಬೆಯ ಕೊನೆಗೆ ಪಡುವಣದಿಂದ ಬಿಡುವಿಲ್ಲದ ಗಾಳಿ ಏಳುತ್ತದೆ. ಅರಬ್ಬೀ ಸಮುದ್ರದ ಮೇಲೆ, ಸುಮಾರು ಒಂದೂವರೆ ಕಿಲೋಮೀಟರ್ ಎತ್ತರದಲ್ಲಿ, ಆಫ್ರಿಕದ ಪೂರ್ವತೀರದಿಂದ ಭಾರತದತ್ತ ಹರಿಯುವ ಬಲವಾದ ಗಾಳಿಹೊನಲೊಂದಿದೆ. ಅದರ ಸ್ವರೂಪವನ್ನು 1969ರಲ್ಲಿ ಫಿಂಡ್ಲೇಟರ್ ಎಂಬ ವಿಜ್ಞಾನಿ ವಿವರಿಸಿದನು. ಆ ಹೊನಲು ಬಲಗೊಂಡಾಗ ಕಡಲಿನ ಅಲೆಯೂ ಮೊರೆತವೂ ಬದಲಾಗುತ್ತವೆ, ಘಟ್ಟದ ಮೇಲಿನ ಊರುಗಳಲ್ಲಿ ಬಾಗಿಲು ಬಡಿಯತೊಡಗುತ್ತದೆ. ಆದರೆ ಘಟ್ಟದ ಮೂಡಣ ಮಗ್ಗುಲಲ್ಲಿ ಇದೇ ಗಾಳಿ ಬೇರೊಂದು ಅರ್ಥವನ್ನು ಪಡೆಯುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮೀರಿ ಮಳೆ ಸುರಿದರೆ ಚಳ್ಳಕೆರೆಯಂಥ ಮಳೆನೆರಳಿನ ಸೀಮೆಯಲ್ಲಿ 500 ಮಿಲಿಮೀಟರ್ ಆಸುಪಾಸು. ಅಲ್ಲಿ ಜೂನ್ ಜುಲೈಗಳಲ್ಲಿ ಬರುವುದು ಮಳೆಯಲ್ಲ, ಮಳೆಯನ್ನು ಘಟ್ಟದಲ್ಲಿ ಸುರಿಸಿ ಬಂದ ಗಾಳಿ. ಚಿತ್ರದುರ್ಗ, ಗದಗ ಸೀಮೆಯ ಗುಡ್ಡಗಳ ಮೇಲೆ ಇಂದು ಸಾಲುಗಟ್ಟಿ ನಿಂತಿರುವ ಗಾಳಿಯಂತ್ರಗಳು ತಮ್ಮ ಹೆಚ್ಚಿನ ವಿದ್ಯುತ್ತನ್ನು ಪಡೆಯುವುದು ಈ ಒಣಗಾಳಿಯಿಂದಲೇ. ಮಲೆನಾಡಿಗೆ ಶುಭಸೂಚಕವಾದ ಗಾಳಿ ಚಿತ್ರದುರ್ಗದ ರೈತನಿಗೆ ಮೋಡ ಚದುರಿಸುವ ವೈರಿ. ಮೂಡಣ ತಾಲ್ಲೂಕುಗಳಲ್ಲಿ ಹೆಚ್ಚಿನ ಮಳೆ ಸೆಪ್ಟೆಂಬರ್ ಅಕ್ಟೋಬರಿಗೆ ಬೀಳುವುದರಿಂದ ಅಲ್ಲಿಯವರ ಗಮನವೆಲ್ಲ ಉತ್ತರೆ, ಹಸ್ತ, ಚಿತ್ತೆಗಳ ಮೇಲೆ. ಲಕ್ಷಣಗಳನ್ನು ‘ಕರ್ನಾಟಕದ ಮಳೆಲಕ್ಷಣ’ ಎಂದು ಒಟ್ಟುಗೂಡಿಸಿ ಬರೆಯುವುದರ ಅಪಾಯ ಇಲ್ಲಿದೆ.

ಕಿವಿಗೆ ಸಂಬಂಧಿಸಿದ ಲಕ್ಷಣಗಳಲ್ಲಿ ಗುಡುಗು ಮುಖ್ಯವಾದುದು. ಆದರೆ ಅದು ಮಳೆಗಾಲದ ಬರವನ್ನು ಸಾರುವುದು ತನ್ನ ಸದ್ದಿನಿಂದಲ್ಲ, ಸದ್ದು ಅಡಗುವುದರಿಂದ. ಭರಣಿ ಕೃತ್ತಿಕೆಗಳ ಮಳೆ ಕಾದ ನೆಲದಿಂದ ಎದ್ದ ಎತ್ತರದ ಮೋಡಗಳ ಮಳೆ. ಕರಾವಳಿಯಲ್ಲಿ ಅದು ಸಂಜೆಯ ಹೊತ್ತು ಮೂಡಣ ಘಟ್ಟದ ಕಡೆಯಿಂದ ಸಿಡಿಲು ಮಿಂಚುಗಳೊಡನೆ ಬಂದು ಒಂದೆರಡು ಗಂಟೆಯಲ್ಲಿ ಮುಗಿಯುತ್ತದೆ. ಮುಂಗಾರಿನ ನಿಜವಾದ ಮಳೆ ಪಡುವಣದಿಂದ, ಹಗಲಿರುಳೆನ್ನದೆ, ಬಹುಮಟ್ಟಿಗೆ ಗುಡುಗಿಲ್ಲದೆ ಸುರಿಯುತ್ತದೆ. ಮತ್ತೆ ಗುಡುಗು ಕೇಳಿಸುವುದು ಹಿಂಗಾರಿನ ಹೊತ್ತಿಗೆ. ಮಳೆಗಾಲವೆಂಬ ದೀರ್ಘ ಮೌನದ ಎರಡು ತುದಿಗಳಲ್ಲಿ ಗುಡುಗು ನಿಂತಿದೆಯೆನ್ನಬಹುದು. ಗುಡುಗಿಲ್ಲದ ಮೊದಲ ಮಳೆಯನ್ನು ಹಿರಿಯರು ಏಕೆ ಅಷ್ಟು ಗಮನವಿಟ್ಟು ಆಲಿಸುತ್ತಿದ್ದರೆಂಬುದು ಇದರಿಂದ ತಿಳಿಯುತ್ತದೆ. ಮೇ ತಿಂಗಳ ಕಾಡಿನಲ್ಲಿ ಕಿವಿಗಡಚಿಕ್ಕುವ ಜೀರುಂಡೆಗಳ ಸದ್ದು ಮಳೆ ಹಿಡಿದ ಬಳಿಕ ಇಳಿದುಹೋಗುವುದೂ ಇದೇ ಜಾತಿಯ ಲಕ್ಷಣ. ಸದ್ದು ಹುಟ್ಟಿದ್ದನ್ನು ಗುರುತಿಸುವುದು ಸುಲಭ, ನಿಂತದ್ದನ್ನು ಗುರುತಿಸಲು ಅಭ್ಯಾಸ ಬೇಕು.

ಈಗ ಎಲ್ಲಕ್ಕಿಂತ ಪ್ರಿಯವಾದ, ಎಲ್ಲಕ್ಕಿಂತ ವಂಚಕವಾದ ಲಕ್ಷಣಕ್ಕೆ ಬರೋಣ. ಮೊದಲ ಹನಿಗಳು ಬಿದ್ದಾಗ ಏಳುವ ಮಣ್ಣಿನ ವಾಸನೆಯನ್ನು ಕುರಿತು ಕವಿಗಳು ಬರೆದಷ್ಟು ಕೃಷಿವಿಜ್ಞಾನಿಗಳು ಬರೆದಿಲ್ಲ. ಆಸ್ಟ್ರೇಲಿಯದ ರಸಾಯನವಿಜ್ಞಾನಿಗಳಾದ ಇಸಬೆಲ್ ಜಾಯ್ ಬೇರ್ ಮತ್ತು ರಿಚರ್ಡ್ ಥಾಮಸ್ 1964ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಈ ಗಂಧಕ್ಕೆ ‘ಪೆಟ್ರಿಕೋರ್’ ಎಂದು ಹೆಸರಿಟ್ಟರು. ಗ್ರೀಕಿನಲ್ಲಿ ಪೆಟ್ರ ಎಂದರೆ ಕಲ್ಲು. ಇಕೋರ್ ಎಂದರೆ ದೇವತೆಗಳ ಮೈಯಲ್ಲಿ ಹರಿಯುವ ರಸ. ಒಣಗಾಲದಲ್ಲಿ ಕಲ್ಲು ಮತ್ತು ಜೇಡಿಮಣ್ಣುಗಳು ವಾತಾವರಣದಿಂದ ಹೀರಿ ಇಟ್ಟುಕೊಂಡ ಎಣ್ಣೆಯಂಥ ಪದಾರ್ಥವು, ಆರ್ದ್ರತೆ ಏರಿದಾಗ ತನ್ನ ಜಾಗವನ್ನು ನೀರಿಗೆ ಬಿಟ್ಟುಕೊಟ್ಟು ಹೊರಬರುತ್ತದೆಂಬುದು ಅವರ ನಿರೂಪಣೆ. ಇದನ್ನು ಒಪ್ಪಿದರೆ, ಇನ್ನೂ ಹನಿ ಬೀಳದಿದ್ದಾಗಲೇ ಮಳೆಯ ವಾಸನೆ ಬಂತೆನ್ನುವ ಮಾತು ಕೇವಲ ಭ್ರಮೆಯಲ್ಲ. ಉತ್ತರಪ್ರದೇಶದ ಕನೌಜಿನಲ್ಲಿ ಸುಟ್ಟ ಮಣ್ಣಿನಿಂದ ಈ ಗಂಧವನ್ನು ಭಟ್ಟಿಯಿಳಿಸಿ ಶ್ರೀಗಂಧದ ಎಣ್ಣೆಯಲ್ಲಿ ಹಿಡಿದಿಡುವ ಪದ್ಧತಿ ಹಿಂದಿನಿಂದಲೂ ಇದ್ದುದನ್ನು ಆ ವಿಜ್ಞಾನಿಗಳೂ ಗಮನಿಸಿದ್ದರು. ಹೆಸರು ಹೊಸದಾಯಿತು, ವಸ್ತು ನಮ್ಮ ಗಂಧಿಗರಿಗೆ ಹಳೆಯದೇ.

ಈ ಗಂಧದಲ್ಲಿ ಇನ್ನೊಂದು ಎಳೆಯೂ ಇದೆ. ಮಣ್ಣಿನಲ್ಲಿರುವ ಸ್ಟ್ರೆಪ್ಟೊಮೈಸೀಸ್ ಜಾತಿಯ ಸೂಕ್ಷ್ಮಜೀವಿಗಳು ಜಿಯೋಸ್ಮಿನ್ ಎಂಬ ಪದಾರ್ಥವನ್ನು ಉತ್ಪತ್ತಿ ಮಾಡುತ್ತವೆ. ಇದನ್ನು ಗರ್ಬರ್ ಮತ್ತು ಲೆಷೆವಲಿಯೆ 1965ರಲ್ಲಿ ಬೇರ್ಪಡಿಸಿದರು. ಮನುಷ್ಯನ ಮೂಗು ಇದನ್ನು ಲಕ್ಷ ಕೋಟಿ ಭಾಗ ನೀರಿನಲ್ಲಿ ಕೆಲವೇ ಭಾಗಗಳಿದ್ದರೂ ಪತ್ತೆಹಚ್ಚಬಲ್ಲುದು. 2015ರಲ್ಲಿ ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಸಂಶೋಧಕರು ಅತಿವೇಗದ ಕ್ಯಾಮೆರಾದಿಂದ ಚಿತ್ರಿಸಿ, ಮಳೆಹನಿಯು ಮಣ್ಣಿಗೆ ಬಡಿದಾಗ ಅದರಡಿಯಲ್ಲಿ ಸಿಕ್ಕಿಬಿದ್ದ ಗಾಳಿಯು ಗುಳ್ಳೆಗಳಾಗಿ ಮೇಲೆದ್ದು ಒಡೆದು ಸೂಕ್ಷ್ಮ ತುಂತುರನ್ನು ಚಿಮ್ಮಿಸುವುದನ್ನು ತೋರಿಸಿದರು. ಬಿರುಮಳೆಗಿಂತ ಹಗುರ ಹಾಗೂ ಮಧ್ಯಮ ಮಳೆಯಲ್ಲೇ ಈ ತುಂತುರು ಹೆಚ್ಚು. ಎಂದರೆ ಘಮಘಮಿಸುವ ಮಳೆಯು ನೆಲ ನೆನೆಸುವ ಮಳೆಯಾಗಬೇಕಾದ ನಿಯಮವೇನೂ ಇಲ್ಲ.

ಇದಕ್ಕಿಂತಲೂ ವಿಚಾರಯೋಗ್ಯವಾದುದು ಬೇರ್ ಮತ್ತು ಥಾಮಸರ 1965ರ ಎರಡನೆಯ ಪ್ರಬಂಧ. ಮಣ್ಣಿನಿಂದ ಬೇರ್ಪಡಿಸಿದ ಆ ತೈಲವು ಬೀಜ ಮೊಳೆಯುವುದನ್ನೂ ಎಳೆಸಸಿಯ ಬೆಳವಣಿಗೆಯನ್ನೂ ತಡೆಹಿಡಿಯುತ್ತದೆಂದು ಅವರು ಅದರಲ್ಲಿ ತಿಳಿಸಿದರು. ಆ ತೈಲ ತೊಳೆದುಹೋಗುವಷ್ಟು ನೀರು ಹರಿಯುವ ತನಕ ಬೀಜವು ಕಾಯುವುದರಿಂದ ಒಣನಾಡಿನ ಸಸ್ಯಕ್ಕೆ ರಕ್ಷಣೆಯೇ ಸಿಗುತ್ತದೆಂದು ಊಹಿಸಬಹುದು. ಯಾವ ವಾಸನೆಯು ಮನುಷ್ಯನನ್ನು ಬಿತ್ತಲು ಪ್ರೇರೇಪಿಸುತ್ತದೆಯೋ ಅದೇ ವಾಸನೆಯ ಮೂಲದ್ರವ್ಯವು ಬೀಜಕ್ಕೆ ‘ಇನ್ನೂ ಕಾಯಿ’ ಎಂದು ಹೇಳುತ್ತಿದೆ. ಮಣ್ಣಿನ ವಾಸನೆಯು ನೆಲ ಇದುವರೆಗೆ ಒಣಗಿತ್ತೆಂಬುದಕ್ಕೆ ಸಾಕ್ಷಿ, ಇನ್ನು ಮುಂದೆ ತೇವವಾಗಿರುತ್ತದೆಂಬುದಕ್ಕಲ್ಲ. ಮಳೆ ಹಿಡಿದು ಹತ್ತು ದಿನವಾದ ಮೇಲೆ ಆ ವಾಸನೆಯೇ ಇರುವುದಿಲ್ಲವೆಂಬುದನ್ನು ನೆನೆದರೆ ಈ ಮಾತು ಸ್ಪಷ್ಟವಾಗುತ್ತದೆ.

ಮೇಲ್ಪದರವನ್ನು ಬಿಟ್ಟು ಆಳಕ್ಕೆ ಇಳಿಯುವ ಲಕ್ಷಣಗಳೂ ಇವೆ. ಹುತ್ತದ ಒಳಗಿರುವ ರೆಕ್ಕೆಗೆದ್ದಲುಗಳು, ಕೆಲವೆಡೆ ಈಸಲು ಎಂದು ಕರೆಯುವ ಹುಳುಗಳು, ನಾಲ್ಕು ಹನಿಗೆ ಹೊರಡುವುದಿಲ್ಲ. ಹುತ್ತದ ಗೋಡೆ ನೆನೆದು, ಗಾಳಿ ತಣ್ಣಗೆ ನಿಶ್ಚಲವಾಗಿರುವ ಸಂಜೆಯನ್ನು ಆರಿಸಿಕೊಂಡು ಅವು ಒಮ್ಮೆಲೇ ಎದ್ದು ದೀಪಕ್ಕೆ ಮುತ್ತುತ್ತವೆ. ಹೊಸ ಜೋಡಿಯು ನೆಲ ತೋಡಿ ಗೂಡು ಹೂಡಬೇಕಾದ್ದರಿಂದ ಮಣ್ಣು ಮೆತ್ತಗಾಗಿರುವುದು ಅವುಗಳಿಗೆ ಜೀವನ್ಮರಣದ ಪ್ರಶ್ನೆ. ಕಪ್ಪೆಯದೂ ಇಂಥದೇ ಪಣ. ನಮ್ಮ ಗದ್ದೆಗಳ ದೊಡ್ಡ ಗೂಳಿಕಪ್ಪೆಯ ಗಂಡು ಮೊದಲ ಜೋರುಮಳೆಗೆ ಮಣ್ಣುಬಣ್ಣ ಬಿಟ್ಟು ನಿಂಬೆಹಳದಿಗೆ ತಿರುಗುತ್ತದೆ. ಗಂಟಲ ಎರಡು ಬದಿಯ ನೀಲಿ ಚೀಲಗಳನ್ನು ಉಬ್ಬಿಸಿ ಕೂಗುತ್ತದೆ. ಆ ಕೂಗು ಮಳೆಯನ್ನು ಕರೆಯುವುದಲ್ಲ, ಹೆಣ್ಣನ್ನು ಕರೆಯುವುದು. ಮೊಟ್ಟೆಯಿಟ್ಟ ಹೊಂಡ ಗೊದಮೊಟ್ಟೆಗಳು ಕಾಲು ಬಲಿಯುವ ಮುನ್ನವೇ ಬತ್ತಿದರೆ ಸಂತತಿ ನಾಶವಾಗುತ್ತದೆ. ಮೊದಲ ಮಳೆಯನ್ನು ನಂಬಿ ಬಿತ್ತಿದ ರೈತನೂ ಅದೇ ಮಳೆಯನ್ನು ನಂಬಿ ಮೊಟ್ಟೆಯಿಟ್ಟ ಕಪ್ಪೆಯೂ ಒಂದೇ ಜೂಜಿನಲ್ಲಿ ಪಾಲುದಾರರು. ಆದ್ದರಿಂದ ಕಪ್ಪೆಯ ಕೂಗನ್ನು ಭವಿಷ್ಯವಾಣಿಯೆಂದು ತಿಳಿಯದೆ, ಈ ಊರಿನಲ್ಲಿ ನೀರು ನಿಲ್ಲುವಷ್ಟು ಮಳೆ ಬಿದ್ದಿದೆಯೆಂಬ ವರದಿಯೆಂದು ತಿಳಿಯುವುದೇ ಸರಿ.

ಕಾವ್ಯಗಳಿಂದ ಬಂದ ಲಕ್ಷಣಗಳ ವಿಷಯದಲ್ಲಿ ಸ್ವಲ್ಪ ಎಚ್ಚರ ಬೇಕು. ಚಾತಕಪಕ್ಷಿ ಮುಂಗಾರಿನ ದೂತನೆಂದು ಸಂಸ್ಕೃತ ಕವಿಸಮಯ ಹೇಳುತ್ತದೆ, ಕನ್ನಡ ಕವಿಗಳೂ ಅನುಸರಿಸಿದ್ದಾರೆ. ಉತ್ತರ ಹಾಗೂ ಮಧ್ಯಭಾರತದ ಮಟ್ಟಿಗೆ ಇದು ಒಪ್ಪುವ ಮಾತು. ಆಫ್ರಿಕದಿಂದ ಹೊರಟ ಚಾತಕಗಳು ಅಲ್ಲಿಗೆ ಮಾರುತದೊಡನೆ ಬರುತ್ತವೆ. ಆದರೆ ದಕ್ಷಿಣ ಭಾರತದಲ್ಲಿ ವರ್ಷವಿಡೀ ನೆಲೆಸಿರುವ ಚಾತಕಗಳೂ ಇರುವುದರಿಂದ ನಮ್ಮಲ್ಲಿ ಅದರ ದರ್ಶನಕ್ಕೆ ಆ ಬೆಲೆಯಿಲ್ಲ. ನವಿಲು ಗರಿಗೆದರುವುದು ಅದರ ಸಂತಾನಕಾಲದ ಕ್ರಿಯೆ. ಅದು ಮಳೆಗಾಲದೊಡನೆ ಹೊಂದಿಕೊಂಡಿದೆಯೆಂಬುದು ದಿಟವಾದರೂ ಬಿತ್ತುವವನಿಗೆ ಅದರಿಂದ ಪ್ರಯೋಜನವಿಲ್ಲ. ಇದಕ್ಕೆ ಪ್ರತಿಯಾಗಿ ಶಾಸ್ತ್ರದಲ್ಲಾಗಲಿ ಪ್ರಾಚೀನ ಕಾವ್ಯದಲ್ಲಾಗಲಿ ಸ್ಥಾನವಿಲ್ಲದ ಮಡಗಾಸ್ಕರ್ ಮೂಲದ ಗುಲ್‌ಮೊಹರ್ ಮರ ತನ್ನ ಕೆಂಪುಹೂಗಳಿಂದ ಬೇಸಗೆಯ ಕೊನೆಯನ್ನು ಸಾರುವ ಲಕ್ಷಣವಾಗಿ ಎರಡು ಮೂರು ತಲೆಮಾರುಗಳಲ್ಲೇ ಊರೂರಿನಲ್ಲಿ ನೆಲೆಯೂರಿದೆ. ಮಲೆನಾಡಿನಲ್ಲಿ ಸೀತಾಳೆದಂಡೆ ಹೂಬಿಡುವುದೂ ಈ ಸಂಧಿಕಾಲದಲ್ಲೇ. ಲಕ್ಷಣಗಳ ಪಟ್ಟಿ ಎಂದೂ ಮುಚ್ಚಿದ ಪಟ್ಟಿಯಲ್ಲ.

ಹೂವಿನ ಲಕ್ಷಣಗಳಲ್ಲಿ ಕಾರ್ಯಕಾರಣ ಸಂಬಂಧ ಅತ್ಯಂತ ಖಚಿತವಾಗಿರುವುದು ಕಾಫಿಯದು. ಕೊಡಗು, ಚಿಕ್ಕಮಗಳೂರು, ಸಕಲೇಶಪುರ ಸೀಮೆಗಳಲ್ಲಿ ಮಾರ್ಚ್ ಏಪ್ರಿಲ್‌ನ ‘ಹೂಮಳೆ’ ಬಿದ್ದ ಎಂಟು ಹತ್ತು ದಿನಗಳಿಗೆ ತೋಟಕ್ಕೆ ತೋಟವೇ ಬೆಳ್ಳಗಾಗಿ ಮಲ್ಲಿಗೆಯನ್ನು ಹೋಲುವ ಕಂಪು ಹಬ್ಬುತ್ತದೆ. ಬರದಿಂದ ಮಲಗಿದ್ದ ಮೊಗ್ಗು ನೀರು ತಾಗಿ ಏಳುವುದೇ ಇದಕ್ಕೆ ಕಾರಣ. ಹೂವಾದ ಮೇಲೆ ಕೆಲವು ವಾರಗಳಲ್ಲಿ ಇನ್ನೊಂದು ಮಳೆ ಬಾರದಿದ್ದರೆ ಕಾಯಿ ಕಟ್ಟುವುದಿಲ್ಲ. ಬೆಳೆಗಾರನಿಗೆ ಆ ಕಂಪು ಸಂತೋಷಕ್ಕಿಂತ ಹೆಚ್ಚಾಗಿ ಒಂದು ಗಡುವನ್ನು ನೆನಪಿಸುತ್ತದೆ.

ಇಷ್ಟೆಲ್ಲ ಲಕ್ಷಣಗಳ ಕೊನೆಗೆ ತೀರ್ಪು ಕೊಡುವುದು ಕೈ. ‘ಹದ’ ಎಂಬ ಕನ್ನಡ ಪದಕ್ಕೆ ಸಮನಾದ ಪದ ಕೃಷಿಶಾಸ್ತ್ರದ ಪರಿಭಾಷೆಯಲ್ಲಿ ಸುಲಭವಾಗಿ ಸಿಗುವುದಿಲ್ಲ. ಅದು ತೇವವಷ್ಟೇ ಅಲ್ಲ. ತೇವ, ಬಿಸಿ, ಮಣ್ಣಿನ ಬಿಗಿ ಮೂರೂ ಕೂಡಿದ ಸ್ಥಿತಿ. ರೈತನು ಮೇಲಿನ ಮಣ್ಣನ್ನು ಸರಿಸಿ ಬೀಜ ಬೀಳುವ ಆಳದಿಂದ ಒಂದು ಹಿಡಿ ತೆಗೆದು ಮುಷ್ಟಿಯಲ್ಲಿ ಅದುಮುತ್ತಾನೆ. ಉಂಡೆ ಕಟ್ಟದಿದ್ದರೆ ತೇವ ಸಾಲದು. ಉಂಡೆ ಕಟ್ಟಿ ಕೈಗೆ ಅಂಟಿದರೆ ನೀರು ಹೆಚ್ಚು, ನೇಗಿಲು ಹೂಡಿದರೆ ಹೆಂಟೆಯಾಗುತ್ತದೆ. ಉಂಡೆ ಕಟ್ಟಿ, ಬೆರಳು ತಾಗಿದೊಡನೆ ಉದುರಿದರೆ ಅದು ಹದ. ಮಣ್ಣಿಗೆ ಮಣ್ಣಿಗೆ ಇದರ ಅರ್ಥ ಬೇರೆ. ಧಾರವಾಡ, ವಿಜಯಪುರ ಕಡೆಯ ಎರೆಭೂಮಿ ಬೇಸಗೆಯಲ್ಲಿ ಬಿರಿದಿರುತ್ತದೆ. ಮೊದಲ ಮಳೆಯ ನೀರು ಬಿರುಕಿನಲ್ಲಿ ಇಳಿದುಹೋಗುವುದರಿಂದ ಮೇಲ್ಪದರಕ್ಕೆ ಹದ ಬರಲು ಹೆಚ್ಚು ಮಳೆ ಬೇಕು. ಒಮ್ಮೆ ಬಂದರೆ ಬಹುಕಾಲ ಉಳಿಯುತ್ತದೆ. ಕೋಲಾರ, ತುಮಕೂರಿನ ಕೆಮ್ಮಣ್ಣು ಬೇಗ ನೆನೆದು ಬೇಗ ಆರುತ್ತದೆ. ಅಲ್ಲಿ ಹದವೆ ಎರಡು ಮೂರು ದಿನಗಳ ಅತಿಥಿ. ಎರಡು ಸೀಮೆಯ ರೈತರು ಒಂದೇ ಪದವನ್ನು ಬಳಸುತ್ತಿದ್ದರೂ ಅವರ ಬೆರಳುಗಳು ಕಲಿತ ಪಾಠ ಬೇರೆಬೇರೆ.

ಈ ಭೇದಗಳು ಪಾಂಡಿತ್ಯದ ವಿಷಯವಲ್ಲವೆಂಬುದನ್ನು ಇತ್ತೀಚಿನ ಎರಡು ವರ್ಷಗಳು ತೋರಿಸಿಕೊಟ್ಟವು. 2023ರಲ್ಲಿ ಮುಂಗಾರು ಕೇರಳವನ್ನು ಮುಟ್ಟಿದ್ದು ಜೂನ್ 8ಕ್ಕೆ, ಸರಿಯಾಗಿ ಮೃಗಶಿರದ ಹೊಸ್ತಿಲಲ್ಲಿ. ನಕ್ಷತ್ರ ಕೂಡಿಬಂದಿತ್ತು, ಮಳೆ ಕೂಡಿಬರಲಿಲ್ಲ. ಆ ವರ್ಷದ ಆಗಸ್ಟ್ ದೇಶದಲ್ಲಿ 1901ರಿಂದೀಚೆಗಿನ ಅತ್ಯಂತ ಒಣ ಆಗಸ್ಟ್ ಆಯಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಘೋಷಿಸಬೇಕಾಯಿತು. 2025ರಲ್ಲಿ ಇದಕ್ಕೆ ವಿರುದ್ಧವಾಗಿ ಮೇ 24ಕ್ಕೇ, 2009ರ ನಂತರ ಮೊದಲ ಬಾರಿಗೆ ಅಷ್ಟು ಬೇಗನೆ, ಮುಂಗಾರು ಕೇರಳಕ್ಕೆ ಬಂದು ಕೂಡಲೇ ಕರ್ನಾಟಕವನ್ನೂ ಹೊಕ್ಕಿತು. ರೋಹಿಣಿ ಹುಟ್ಟುವ ಮುನ್ನವೇ ಮಣ್ಣು ಘಮಘಮಿಸಿತು. ಆದರೆ ಮೇ 29ರ ನಂತರ ಮಾರುತದ ಮುನ್ನಡೆ ಎರಡು ವಾರಕ್ಕೂ ಹೆಚ್ಚು ಕಾಲ ನಿಂತುಹೋಯಿತು. ಇಂಥ ವರ್ಷಗಳಲ್ಲಿ ಮೂಗನ್ನು ನಂಬಿದವನಿಗೂ ಕೈಯನ್ನು ನಂಬಿದವನಿಗೂ ಒಂದು ಬಿತ್ತನೆಯ ಬೀಜದಷ್ಟು, ಗೊಬ್ಬರದಷ್ಟು, ಸಾಲದಷ್ಟು ಅಂತರ ಬೀಳುತ್ತದೆ.

ಹವಾಮಾನ ಇಲಾಖೆಯ ಕ್ರಮವನ್ನು ನೋಡಿದರೆ ಅದೂ ಒಂದೇ ಲಕ್ಷಣವನ್ನು ನೆಚ್ಚಿಕೊಂಡಿಲ್ಲವೆಂಬುದು ಕಂಡುಬರುತ್ತದೆ. ಕೇರಳಕ್ಕೆ ಮುಂಗಾರು ಬಂದಿತೆಂದು ಸಾರಲು, ಮಂಗಳೂರು ಮತ್ತು ಕಾಸರಗೋಡಿನ ಕೂಡ್ಲು ಸೇರಿದಂತೆ 14 ಕೇಂದ್ರಗಳಲ್ಲಿ ಪ್ರತಿಶತ 60ರಲ್ಲಿ, ಮೇ 10ರ ನಂತರ, ಎರಡು ದಿನ ಸತತವಾಗಿ 2.5 ಮಿಲಿಮೀಟರ್ ಅಥವಾ ಹೆಚ್ಚು ಮಳೆಯಾಗಿರಬೇಕು. ಅಷ್ಟೇ ಸಾಲದು. ಪಡುವಣ ಗಾಳಿ ನಾಲ್ಕು ಕಿಲೋಮೀಟರಿಗೂ ಮೇಲಿನ ಎತ್ತರದವರೆಗೆ ವ್ಯಾಪಿಸಿರಬೇಕು. ಭೂಮಿಯಿಂದ ಹೊರಹೋಗುವ ಶಾಖವಿಕಿರಣವು ದಟ್ಟ ಮೋಡವನ್ನು ಸೂಚಿಸುವಷ್ಟು ಇಳಿದಿರಬೇಕು. ನೀರು, ಗಾಳಿ, ಮೋಡ ಮೂರರ ಸಾಕ್ಷ್ಯ ಕೂಡಿದಾಗ ಘೋಷಣೆ. ಒಂದು ಲಕ್ಷಣವನ್ನು ಇನ್ನೊಂದರಿಂದ ಪರೀಕ್ಷಿಸುವ ಹಳ್ಳಿಯ ವಿವೇಕಕ್ಕೂ ಇದಕ್ಕೂ ತತ್ತ್ವದಲ್ಲಿ ಭೇದವಿಲ್ಲ. ಭೇದವಿರುವುದು ವ್ಯಾಪ್ತಿಯಲ್ಲಿ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳನ್ನಿಟ್ಟು ‘ವರುಣಮಿತ್ರ’ದ ಮೂಲಕ ದೂರವಾಣಿಯಲ್ಲಿ ಮಾಹಿತಿ ನೀಡುವ ಏರ್ಪಾಡು ಮಾಡಿದುದು ಬಹು ಉಪಯುಕ್ತ. ಆದರೂ ಮಾಪಕವು ಬಿದ್ದ ಮಳೆಯನ್ನು ಅಳೆಯುತ್ತದೆ, ಹೊಲದಲ್ಲಿ ಉಳಿದ ಹದವನ್ನಲ್ಲ.

ನಮ್ಮ ಸಂಗ್ರಾಹಕರು ಗಾದೆಯನ್ನು ಬರೆದುಕೊಳ್ಳುವಾಗ ಹೇಳಿದವರ ಊರನ್ನು ಬರೆದುಕೊಂಡರು. ಮಣ್ಣನ್ನು, ಬೆಳೆಯನ್ನು, ತಿಂಗಳನ್ನು ಬರೆದುಕೊಂಡವರು ವಿರಳ. ಹೀಗೆ ಬರೆದುಕೊಂಡರೆ ಎಂಥ ಬೆಳಕು ದೊರೆಯಬಹುದೆಂಬುದಕ್ಕೆ ಒಂದು ಪುಟ್ಟ ಜೀವಿಯ ಉದಾಹರಣೆ ಸಾಕು. ಮಳೆ ಚೆನ್ನಾಗಿ ಹಿಡಿದ ಬಳಿಕ ಹೊಲದ ಮೇಲೆ ಕಡುಗೆಂಪು ಮಖಮಲ್ಲಿನ ಹುಳು ಕಾಣಿಸಿಕೊಳ್ಳುತ್ತದೆ. ಎಂಟು ಕಾಲಿನ, ಜೇಡಕ್ಕೆ ಬಂಧುವಾದ ಈ ಪ್ರಾಣಿ ವರ್ಷದ ಬಹುಭಾಗ ನೆಲದೊಳಗೆ ಅಡಗಿದ್ದು, ತೇವ ಆಳಕ್ಕೆ ಇಳಿದಾಗ ಮೇಲೆದ್ದು ಗೆದ್ದಲನ್ನು ತಿಂದು ಮೊಟ್ಟೆಯಿಟ್ಟು ಮತ್ತೆ ಮರೆಯಾಗುತ್ತದೆ. ಆದ್ದರಿಂದ ಅದು ಮಣ್ಣಿನ ವಾಸನೆಗಿಂತ ನಂಬಲರ್ಹವಾದ ಸಾಕ್ಷಿ. ಮರಾಠಿಯಲ್ಲಿ ಇದಕ್ಕೆ ಮೃಗದ ಕೀಟವೆಂದು ಹೆಸರು, ಉತ್ತರ ಕರ್ನಾಟಕದ ‘ಮಿರಗ’ವೂ ಇದೇ ಮೃಗಶಿರ. ತೆಲುಗಿನಲ್ಲಿ ಇದು ಆರುದ್ರ ಪುರುಗು. ಒಂದೇ ಜೀವಿಗೆ ಒಂದು ಭಾಷೆ ಜೂನ್ ಎರಡನೆಯ ವಾರದ ನಕ್ಷತ್ರದ ಹೆಸರನ್ನೂ ಇನ್ನೊಂದು ಭಾಷೆ ಎರಡು ವಾರ ತಡವಾದ ನಕ್ಷತ್ರದ ಹೆಸರನ್ನೂ ಇಟ್ಟಿದೆ. ಪಡುವಣದ ನೆಲ ಮೊದಲು ನೆನೆದು ಮೂಡಣದ ನೆಲ ತಡವಾಗಿ ನೆನೆಯುವುದೇ ಇದರ ಹಿಂದಿರಬಹುದೆಂದು ನನ್ನ ಊಹೆ. ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳಲ್ಲಿ ಮೂರು ಭಾಷೆಗಳೂ ಅಕ್ಕಪಕ್ಕದಲ್ಲಿವೆ. ಅಲ್ಲಿ ಹಳ್ಳಿಯಿಂದ ಹಳ್ಳಿಗೆ ನಡೆದು, ಈ ಹುಳುವಿಗೆ ಯಾವ ಹೆಸರಿದೆ, ಅದು ಯಾವ ಮಣ್ಣಿನಲ್ಲಿ ಎಂದು ಕಾಣಿಸಿತು, ಅದನ್ನು ಕಂಡ ಎಷ್ಟು ದಿನಕ್ಕೆ ಕೂರಿಗೆ ಹೂಡಿದರು ಎಂದು ಎರಡು ಮೂರು ಮುಂಗಾರುಗಳ ಕಾಲ ದಾಖಲಿಸುವ ಕೆಲಸವನ್ನು ಯುವ ಸಂಶೋಧಕರು ಕೈಗೆತ್ತಿಕೊಳ್ಳಬಹುದು. ಅದಕ್ಕೆ ಬೇಕಾದ ಸಲಕರಣೆ ಒಂದು ಟಿಪ್ಪಣಿ ಪುಸ್ತಕ, ಒಂದು ಗುದ್ದಲಿ ಮತ್ತು ಮೇ ಕೊನೆಯಿಂದ ಜುಲೈ ಮೊದಲ ವಾರದವರೆಗಿನ ಬಿಡುವು.